ಭಾರವಿಲ್ಲದ ಕಾಲು

ರೋಗಿಗಳು ನನ್ನನ್ನು ಕರೆಯುತ್ತಿದ್ದದ್ದು ‘ಕರೆಂಟ್ ಮೇಡಂ’ ಎಂದು. ಎಪ್ಪತ್ತರ ದಶಕದಲ್ಲಿ ಮಾಗಡಿ ರಸ್ತೆಯ ಜನರಿಗೆ ಫಿಸಿಯೋಥೆರಪಿ ಎಂಬ ಮಾತು ಗೊತ್ತಿರಲಿಲ್ಲ. ಗೊತ್ತಿದ್ದವರೂ ಹೇಳಲು ಹೋಗಿ ಅರ್ಧಕ್ಕೇ ಬಿಡುತ್ತಿದ್ದರು. ನನ್ನ ಕೋಣೆಯಲ್ಲಿ ಕೆಂಪು ಬೆಳಕಿನ ದೀಪವೊಂದು, ಮೇಣ ಕಾಯಿಸುವ ಪಾತ್ರೆಯೊಂದು, ಸೊಂಟ ಎಳೆಯುವ ಮಂಚವೊಂದು ಇದ್ದವು. ಆ ಮಂಚಕ್ಕೆ ನೇತುಹಾಕಬೇಕಾದ ಮರಳಿನ ಚೀಲ ಹರಿದುಹೋಗಿ, ಅದರ ಬದಲು ಇಟ್ಟಿಗೆಗಳನ್ನು ಬಟ್ಟೆಯಲ್ಲಿ ಕಟ್ಟಿ ನೇತುಹಾಕುತ್ತಿದ್ದೆವು. ಕರೆಂಟ್ ಹೋದರೆ ‘ಇವತ್ತು ಮೇಡಂಗೆ ರಜಾ’ ಎಂದು ಜನ ಎದ್ದು ಹೊರಡುತ್ತಿದ್ದರು. ಆ ಕಾಲದಲ್ಲಿ ಕರೆಂಟ್ ಹೋಗದ ದಿನವೇ ಅಪರೂಪ. ಹೊರಟವರನ್ನು ಬಾಗಿಲಲ್ಲಿ ತಡೆದು, ಕೈಯಿಂದಲೂ ಚಿಕಿತ್ಸೆ ಮಾಡಬಹುದು ಎಂದು ಒಪ್ಪಿಸುವುದೇ ನನ್ನ ಅರ್ಧ ಕೆಲಸವಾಗಿತ್ತು.

ಈಗ ಈ ವೃತ್ತಿಗೆ ಬರುವ ಮಕ್ಕಳು ಆಗ ಹೇಗಿತ್ತು ಎಂದು ಕೇಳುತ್ತಾರೆ. ಯಾವಾಗ ಏನಾದೆ, ಯಾರು ಶಾಲು ಹೊದೆಸಿದರು ಎಂಬುದನ್ನು ಬರೆಯುವ ಆಸೆ ನನಗಿಲ್ಲ. ನಾನು ಮಾಡಿದ ತಪ್ಪುಗಳನ್ನು ಬರೆಯುತ್ತೇನೆ, ಅವುಗಳಿಂದ ನಿಮಗೆ ಉಪಯೋಗವಾದೀತು. ಅದರಲ್ಲೂ ಒಂದು ತಪ್ಪು ಒಬ್ಬ ಮನುಷ್ಯನ ಕಸುಬನ್ನೇ ತಿಂದುಹಾಕುವುದರಲ್ಲಿತ್ತು.

ನಮ್ಮದು ಒಂದು ಧರ್ಮಸಂಸ್ಥೆಯವರು ನಡೆಸುತ್ತಿದ್ದ ಸಣ್ಣ ಆಸ್ಪತ್ರೆ. ಮೂಳೆ ವಿಭಾಗಕ್ಕೆ ಒಬ್ಬರೇ ವೈದ್ಯರು. ಎಲ್ಲರೂ ಅವರನ್ನು ದೊಡ್ಡ ಡಾಕ್ಟ್ರು ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತೇನೆ. ಕೈ ಬಹಳ ಒಳ್ಳೆಯದು, ಬಾಯಿ ಮಾತ್ರ ಜೋರು. ಸೊಂಟನೋವು ಎಂದು ಯಾರೇ ಬರಲಿ, ಹಲಗೆಯ ಮೇಲೆ ಮಲಗು, ಬೆಲ್ಟ್ ಕಟ್ಟು, ಸರೋಜಾ ಹತ್ತಿರ, ಅಂದರೆ ನನ್ನ ಹತ್ತಿರ, ಹೋಗಿ ಶಾಖ ತಗೋ, ಎಳೆಸಿಕೋ. ಇಷ್ಟೇ ಅವರ ಚೀಟಿ. ರೋಗಿಯ ಕಾಲನ್ನೂ ನೋಡೋಣ ಸಾರ್ ಎಂದು ನಾನು ಒಮ್ಮೆ ಅಂದದ್ದಕ್ಕೆ, “ನೋವಿರೋದು ಬ್ಯಾಕಲ್ಲಿ ಕಣಮ್ಮ. ಲೆಗ್ ನೋಡಿ ಏನ್ ಮಾಡ್ತೀಯ, ಚಪ್ಪಲಿ ಹೊಲಿಸ್ತೀಯಾ?” ಎಂದಿದ್ದರು.

ಕಾಲು ನೋಡುವ ಹುಚ್ಚು ನನಗೆ ಹತ್ತಿದ್ದು ಬಸವೇಶ್ವರನಗರದ ಬ್ಯಾಂಕ್ ಗುಮಾಸ್ತರೊಬ್ಬರಿಂದ. ಹೊಸ ಮನೆ ಕಟ್ಟಿಸಿದ್ದರು, ಹೊಸ ಊಟದ ಮೇಜು ತಂದಿದ್ದರು, ನೆಲದ ಮೇಲೆ ಕೂರುವುದನ್ನೇ ಬಿಟ್ಟಿದ್ದರು. ಬೆಳಗಿನಿಂದ ಸಂಜೆವರೆಗೆ ಕುರ್ಚಿ. ಸೊಂಟ ಹಿಡಿದುಕೊಂಡಿದೆ ಎಂದು ಬಂದಾಗ, ಪುಸ್ತಕದಲ್ಲಿ ಓದಿದ್ದನ್ನು ಕಣ್ಣುಮುಚ್ಚಿ ಹೇಳಿದೆ: ನಿಂತುಕೊಂಡು, ಮಂಡಿ ಮಡಿಸದೆ, ಬಗ್ಗಿ ಕಾಲಿನ ಹೆಬ್ಬೆರಳು ಮುಟ್ಟಿ, ದಿನಕ್ಕೆ ಹತ್ತು ಸಲ. ಅವರ ಹೆಂಡತಿ ಮೊದಲ ದಿನವೇ ಸಲೀಸಾಗಿ ಬಗ್ಗಿ ಮುಟ್ಟಿ ತೋರಿಸಿದರಂತೆ. ಗಂಡನಿಗೆ ಅದು ಮರ್ಯಾದೆಯ ಪ್ರಶ್ನೆಯಾಯಿತು. ನಾಲ್ಕನೆಯ ದಿನ ಹೆಬ್ಬೆರಳನ್ನು ಮುಟ್ಟಿಯೇ ಬಿಟ್ಟರು, ಆದರೆ ಮೇಲೇಳಲಾಗಲಿಲ್ಲ. ಆಟೋದಲ್ಲಿ ಬಾಗಿದ ಹಾಗೇ ಬಂದರು.

“ನೀವೇ ಹೇಳಿದ್ದು ಮೇಡಂ, ಮಂಡಿ ಮಡಿಸ್ಬಾರ್ದು ಅಂತ,” ಎಂದರು.

ಆಗ ಕೂತು ಯೋಚಿಸಿದೆ. ತೊಡೆಯ ಹಿಂಭಾಗದ ಸ್ನಾಯು ನಾವು ಕೂರುವ ಮೂಳೆಯಿಂದ ಹೊರಟು ಮಂಡಿಯ ಕೆಳಗೆ ಬಂದು ಅಂಟಿಕೊಳ್ಳುತ್ತದೆ. ಮಂಡಿ ಮಡಿಸಿಕೊಂಡೇ ವರ್ಷಗಟ್ಟಲೆ ಕಳೆದವನ ಸ್ನಾಯು ಬಿಗಿಯಾಗುತ್ತದೆ. ಅಂಥವನು ಬಗ್ಗಲು ಹೋದರೆ ಆ ಸ್ನಾಯು ಕೂರುವ ಮೂಳೆಯನ್ನು ಕೆಳಗಿನಿಂದ ಹಿಡಿದು ಬಿಡುವುದಿಲ್ಲ. ತೊಡೆಯ ಕೀಲು ಬಗ್ಗಬೇಕಾದ ಕಡೆ ಬೆನ್ನಿನ ಕೆಳಭಾಗವೇ ಗೂನಾಗಿ ಬಗ್ಗಬೇಕಾಗುತ್ತದೆ. ಅಂದರೆ ಕಾಲು ಮಾಡದ ಕೆಲಸವನ್ನು ಸೊಂಟ ಮಾಡುತ್ತದೆ. ಇದು ನನಗೆ ಕಾಲೇಜಿನಲ್ಲೇ ಹೇಳಿಕೊಟ್ಟಿದ್ದ ಪಾಠ. ಅರ್ಥವಾಗಬೇಕಾದರೆ ಒಬ್ಬ ಗುಮಾಸ್ತರು ಬಾಗಿದ ಹಾಗೇ ಬರಬೇಕಾಯಿತು.

ಅಂದಿನಿಂದ ಬಂದವರೆಲ್ಲರ ಕಾಲೆತ್ತಿ ಅಳೆಯತೊಡಗಿದೆ. ಅಳೆಯುವ ಸಾಧನ ಆಸ್ಪತ್ರೆಯಲ್ಲಿರಲಿಲ್ಲ. ವಿಜಯನಗರದ ನಮ್ಮ ಮನೆಯ ಪಕ್ಕದ ಶಾಲೆಯಿಂದ, ಮೇಷ್ಟ್ರು ಕಪ್ಪುಹಲಗೆಯ ಮೇಲೆ ಬಳಸುವ ಮರದ ಕೋನಮಾಪಕವನ್ನೇ ಬೇಡಿ ತಂದೆ. ರೋಗಿಯನ್ನು ಅಂಗಾತ ಮಲಗಿಸಿ, ಹಿಮ್ಮಡಿ ಹಿಡಿದು, ಮಂಡಿ ಮಡಿಸದೆ ಕಾಲನ್ನು ನಿಧಾನವಾಗಿ ಎತ್ತುವುದು. ಎಷ್ಟು ಡಿಗ್ರಿಗೆ ನಿಂತಿತು, ಎಲ್ಲಿ ನೋವು ಬಂತು ಎಂದು ಬರೆಯುವುದು. ತೊಡೆಯ ಹಿಂದೆ ಜಗ್ಗಿದರೆ ಸ್ನಾಯುವಿನ ಬಿಗಿತ. ಸ್ವಲ್ಪ ಎತ್ತುವಷ್ಟರಲ್ಲೇ ಸೊಂಟದಿಂದ ಪಾದದವರೆಗೆ ಚುರುಕ್ ಎಂದು ಹರಿದರೆ ನರ ಒತ್ತಿಕೊಂಡಿರುವ ಗುಮಾನಿ. ನಾಲ್ಕು ತಿಂಗಳಲ್ಲಿ ದೊಡ್ಡ ಡಾಕ್ಟ್ರೂ ನನ್ನ ಅಂಕಿಗಳನ್ನು ನಂಬತೊಡಗಿದರು. ನನಗೆ ಕೊಂಬು ಬಂತು.

ಚನ್ನಬಸಪ್ಪ ಬಂದದ್ದು ಆ ದಿನಗಳಲ್ಲಿ. ಗದಗಿನ ಕಡೆಯವರು, ನಲವತ್ತು ದಾಟಿದ ಸಣಕಲು ಮನುಷ್ಯ. ಹದಿನಾರನೆಯ ವಯಸ್ಸಿನಿಂದ ಮಗ್ಗದ ಮುಂದೆ ನಿಂತವರು. ಈಗ ಬಿನ್ನಿಪೇಟೆ ಆಚೆಯ ಗಿರಣಿಯೊಂದರ ನೇಯ್ಗೆ ವಿಭಾಗದಲ್ಲಿದ್ದರು. ಎರಡು ತಿಂಗಳಿಂದ ಸೊಂಟ ಬಗ್ಗಿಸಲಾಗದೆ, ಹರಿದ ಎಳೆ ಕಟ್ಟಲು ಮಗ್ಗದ ಮೇಲೆ ಬಾಗಿದಾಗಲೆಲ್ಲ ಹಲ್ಲು ಕಚ್ಚಿ ನಿಲ್ಲುತ್ತಿದ್ದರಂತೆ. ಗಿರಣಿಯವರು ವರದಿ ಕೇಳಿ ಕಳಿಸಿದ್ದರು: ಈತ ಮಗ್ಗಕ್ಕೆ ಯೋಗ್ಯನೋ ಅಲ್ಲವೋ?

ಮಂಚದ ಮೇಲೆ ಮಲಗಿಸಿ ಹಿಮ್ಮಡಿ ಹಿಡಿದೆ. ಮುಳ್ಳು ಚುಚ್ಚಿದವರಂತೆ ಎದ್ದು ಕೂತರು.

“ಬ್ಯಾಡ್ರಿ ಅಕ್ಕಾರ, ನನ್ನ ಕಾಲ ಹಿಡೀಬ್ಯಾಡ್ರಿ. ನಿಮ್ಮಂಥಾ ಓದಿದಾವ್ರು, ಮನಿ ಹೆಣ್ಮಗಳು ಇದ್ದಂಗ ಇದ್ದೀರಿ. ನನಗ ಪಾಪ ಬರ್ತೈತ್ರಿ.”

“ಇದು ನನ್ನ ಕೆಲಸ ಕಣ್ರೀ. ಮಲಗಿ,” ಎಂದೆ. ಹೊರಗೆ ಇನ್ನೂ ಹತ್ತು ಜನ ಕಾಯುತ್ತಿದ್ದರು.

ಮಲಗಿದರು. ನಾನು ಪಾದ ಮುಟ್ಟಿದಾಗಲೆಲ್ಲ ಕೈ ಚಾಚಿ ನನ್ನ ಸೆರಗಿನ ಅಂಚನ್ನು ಸೋಕಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಕಾಲು ಎತ್ತಿದೆ. ಹೂವಿನಂತೆ ಮೇಲೆ ಬಂತು. ಮೂವತ್ತು ಡಿಗ್ರಿಗೆ “ಯಪ್ಪಾ” ಎಂದರು.

“ಸೊಂಟದಿಂದ ಕಾಲಿಗೆ ಹರಿಯುತ್ತಾ ನೋವು?”

“ಹೌದ್ರಿ. ನೀವು ಹೇಳಿದಂಗ ಐತ್ರಿ.”

ಇನ್ನೊಂದು ಕಾಲೂ ಹಾಗೆಯೇ. ಮೂವತ್ತು ಡಿಗ್ರಿ, ನೋವು ಕಾಲಿಗೆ ಹರಿಯುತ್ತದೆ, ನರದ ಒತ್ತಡದ ಶಂಕೆ. ದುಂಡಗಿನ ಅಕ್ಷರದಲ್ಲಿ ಬರೆದೆ. ಹತ್ತು ದಿನ ಇಟ್ಟಿಗೆ ಕಟ್ಟಿ ಎಳೆದೆವು, ನೋವು ಒಂದಿಷ್ಟೂ ತಗ್ಗಲಿಲ್ಲ. ದೊಡ್ಡ ಡಾಕ್ಟ್ರು ನನ್ನ ಹಾಳೆ ನೋಡಿ ಬೆನ್ನಿನ ಆಪರೇಷನ್ ಆಗಬೇಕು ಎಂದರು. ಒಪ್ಪದಿದ್ದರೆ ಮಗ್ಗದ ಕೆಲಸಕ್ಕೆ ಅಯೋಗ್ಯ ಎಂದು ಬರೆಯಬೇಕಾಗುತ್ತದೆ ಎಂದೂ ಹೇಳಿದರು.

ಚನ್ನಬಸಪ್ಪ ಕೈಮುಗಿದರು. “ಬೆನ್ನ ಕೊಯ್ಯಿಸ್ಕೊಂಡು ಎದ್ದು ಬಂದಾವ್ರನ್ನ ನಾ ನೋಡಿಲ್ರಿ ಸಾಹೇಬ್ರ. ಅದು ಆಗೂದಿಲ್ಲ. ಆದ್ರ ಮಗ್ಗ ಬಿಡಿಸಬ್ಯಾಡ್ರಿ. ಮಗ್ಗ ಬಿಟ್ರ ನಾ ಯಾರ್ರಿ?”

ಡಾಕ್ಟ್ರು ಅಯೋಗ್ಯ ಎಂಬ ವರದಿಗೆ ಸಹಿ ಹಾಕಿದರು. ಮುಂದಿನ ಸೋಮವಾರ ಗಿರಣಿಯ ವೈದ್ಯಕೀಯ ಮಂಡಳಿ ಕೂರುವುದಿತ್ತು. ಮರುದಿನದಿಂದ ಚನ್ನಬಸಪ್ಪ ಆಸ್ಪತ್ರೆಗೆ ಬರುವುದನ್ನು ನಿಲ್ಲಿಸಿದರು. ನಾನೂ ಮರೆತೆ. ನಾಚಿಕೆಯಾಗುತ್ತದೆ, ಆದರೆ ನಿಜವಾಗಿ ಮರೆತೇ ಬಿಟ್ಟೆ.

ಶುಕ್ರವಾರ ರಾಜಾಜಿನಗರದ ಆಂಟಿಯೊಬ್ಬರು ಬಂದರು. ಮೈಕೈ ತುಂಬಿಕೊಂಡ ಹೆಂಗಸು. ಮಲಗಿದ ತಕ್ಷಣ ಕಾಲು ನನ್ನ ಕೈಗೆ ಬಿಟ್ಟು, ಮಗಳ ಮದುವೆಯ ಕಥೆ ಶುರುಮಾಡಿದರು. ಅವರ ಒಂದು ಕಾಲೆತ್ತುವಷ್ಟರಲ್ಲಿ ನನ್ನ ಭುಜ ಬಿದ್ದುಹೋಯಿತು. ನಮ್ಮ ಆಯಾ ಮುನಿಯಮ್ಮ ಬಂದು ಕೈಕೊಟ್ಟಳು. ಆ ಹೊರೆಯನ್ನು ಹಿಡಿದುಕೊಂಡು ನಿಂತಿದ್ದಾಗ ತಲೆಯಲ್ಲಿ ಏನೋ ಹೊಳೆಯಿತು. ಕಾಲೆಂದರೆ ಭಾರ. ಸಣಕಲು ಮನುಷ್ಯನ ಕಾಲೂ ಭಾರವೇ. ಹಾಗಾದರೆ ಚನ್ನಬಸಪ್ಪನವರ ಕಾಲಿಗೆ ತೂಕವೇ ಯಾಕಿರಲಿಲ್ಲ?

ನಾನು ಆ ಕಾಲನ್ನು ಎತ್ತಿರಲೇ ಇಲ್ಲ. ಅದನ್ನು ಎತ್ತಿದ್ದು ಚನ್ನಬಸಪ್ಪನವರು. ಹೆಣ್ಣುಮಗಳೊಬ್ಬಳ ಕೈಯಲ್ಲಿ ತನ್ನ ಪಾದದ ಭಾರ ಹಾಕಬಾರದೆಂದು, ಉಸಿರು ಬಿಗಿಹಿಡಿದು, ಹೊಟ್ಟೆ ಬೆನ್ನು ಎಲ್ಲ ಬಿಗಿಮಾಡಿ, ತಾವೇ ಎತ್ತಿದ್ದರು. ನೊಂದ ಸೊಂಟದ ಮೇಲೆ ಕಾಲಿನ ಅಷ್ಟೂ ಭಾರ ಹೊತ್ತರೆ ಮೂವತ್ತು ಡಿಗ್ರಿಗೆ ಯಾರಾದರೂ ಯಪ್ಪಾ ಎನ್ನುತ್ತಾರೆ. ನಾನು ಅಳೆದದ್ದು ನರವನ್ನೂ ಅಲ್ಲ, ಸ್ನಾಯುವನ್ನೂ ಅಲ್ಲ, ಅವರ ಮರ್ಯಾದೆಯನ್ನು. ಕಾಲಿಗೆ ಹರಿಯುತ್ತಾ ಎಂದು ಕೇಳಿ ಉತ್ತರವನ್ನೂ ನಾನೇ ಬಾಯಿಗಿಟ್ಟಿದ್ದೆ. ಮೇಡಂ ಮಾತಿಗೆ ಇಲ್ಲ ಎನ್ನುವ ಜೀವ ಅದಲ್ಲ.

ಹಾಳೆಯಿಂದ ವಿಳಾಸ ಬರೆದುಕೊಂಡು, ಮಧ್ಯಾಹ್ನದ ಊಟ ಬಿಟ್ಟು, ಮುನಿಯಮ್ಮನನ್ನು ಕರೆದುಕೊಂಡು ರಾಜಾಜಿನಗರದ ಕಾರ್ಮಿಕರ ಮನೆಗಳ ಕಡೆ ಹೊರಟೆ.

ಚನ್ನಬಸಪ್ಪ ಮುಂದಿನ ಕೋಣೆಯಲ್ಲಿ ಹಲಗೆಯ ಮೇಲೆ ಮಲಗಿದ್ದರು. ಅವರ ಹೆಂಡತಿ ಗಂಗವ್ವ ನನ್ನನ್ನು ನೋಡಿದವಳೇ, “ಸೋಮವಾರ ಬರಾಕ ಹೇಳ್ಯಾರ್ರಿ ಮಿಲ್ಲಿನ್ಯಾಗ. ಇನ್ನೇನ್ ಉಳದೈತಿ ನೋಡೂದು?” ಎಂದಳು. ಆ ಮಾತಿನಲ್ಲಿದ್ದ ಸಿಟ್ಟಿಗೆ ನಾನು ಅರ್ಹಳೇ ಆಗಿದ್ದೆ.

“ನನ್ನ ಪರೀಕ್ಷೆ ತಪ್ಪಾಗಿದೆ, ಇನ್ನೊಂದು ಸಲ ನೋಡಬೇಕು,” ಎಂದೆ. ಚನ್ನಬಸಪ್ಪ ಮತ್ತೆ ಕೈಮುಗಿಯಲು ಹೊರಟರು. ಮುನಿಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

“ಏಯ್, ಸುಮ್ಕೆ ಮನೀಕೊಳ್ಳಪ್ಪ. ನಿಮ್ಮವ್ವನ ವಯಸ್ಸಾಗದೆ ನಂಗೆ. ಅವ್ವ ಮಗನ ಕಾಲು ಹಿಡಿದ್ರೆ ಯಾವ ಪಾಪ? ಬುಡು ಕಾಲ್ನ. ಬುಡು ಅಂದ್ರೆ ಬುಡು!”

ಬಿಟ್ಟರು. ಭಾರಕ್ಕೆ ಮುನಿಯಮ್ಮನ ಕೈ ಜಗ್ಗಿದ್ದು ನನಗೆ ಕಂಡಿತು. ಅವಳು ನಿಧಾನವಾಗಿ ಎತ್ತುತ್ತಾ ಅವರ ಊರು, ಅವರ ತಾಯಿಯ ಹೆಸರು ಕೇಳುತ್ತಿದ್ದಳು. ಮೂವತ್ತು ಡಿಗ್ರಿ ದಾಟಿತು, ನಲವತ್ತು ದಾಟಿತು. ನಲವತ್ತೈದಕ್ಕೆ ಹಗ್ಗ ಬಿಗಿದಂತೆ ನಿಂತಿತು.

ಈ ಸಲ ಉತ್ತರವನ್ನು ನಾನು ಬಾಯಿಗಿಡಲಿಲ್ಲ. “ಎಲ್ಲಿ ಏನಾಗ್ತಿದೆ, ನೀವೇ ಹೇಳಿ,” ಎಂದಷ್ಟೇ ಕೇಳಿದೆ.

“ತೊಡಿ ಹಿಂದ ಜಗ್ಗತೈತ್ರಿ. ಮತ್ತೆಲ್ಲೂ ಏನಿಲ್ರಿ.”

ಕಾಲನ್ನು ಒಂದಿಷ್ಟು ಕೆಳಗಿಳಿಸಿ ಪಾದವನ್ನು ಮೇಲಕ್ಕೆ ಬಾಗಿಸಿದೆ. ನರ ಒತ್ತಿಕೊಂಡಿದ್ದರೆ ಆಗ ನೋವು ಕಾಲಿನುದ್ದಕ್ಕೂ ಚುರುಕ್ ಎನ್ನಬೇಕು. ಏನೂ ಆಗಲಿಲ್ಲ. ಹೆಬ್ಬೆರಳಿನ ಬಲ ನೋಡಿದೆ, ಚರ್ಮದ ಸ್ಪರ್ಶ ನೋಡಿದೆ, ಎಲ್ಲ ಸರಿಯಿತ್ತು. ಹೊರಗೆ ಗೋಡೆಗೊರಗಿಸಿದ್ದ ಸೈಕಲ್ ಕಣ್ಣಿಗೆ ಬಿತ್ತು. ಅದರ ಸೀಟು ಪೂರ್ತಿ ಕೆಳಗಿಳಿದಿತ್ತು. ಅದರ ಮೇಲೆ ದಿನಾ ಗಿರಣಿಗೆ ಹೋಗಿ ಬರುವ ಮನುಷ್ಯನ ಮಂಡಿ ಒಮ್ಮೆಯೂ ನೆಟ್ಟಗಾಗುವುದಿಲ್ಲ. ಅಲ್ಲಿ ಎಂಟು ಗಂಟೆ ಮಗ್ಗದ ಮೇಲೆ ಬಗ್ಗಿ ನಿಲ್ಲಬೇಕು. ಆ ಬಿಗಿದ ತೊಡೆಗಳು ಬಗ್ಗಲೊಲ್ಲವು, ಸೊಂಟವೇ ಬಗ್ಗಬೇಕು.

ಮರುದಿನ ಬೆಳಿಗ್ಗೆ ದೊಡ್ಡ ಡಾಕ್ಟ್ರ ಮುಂದೆ ನಿಂತೆ. “ಸಾರ್, ಚನ್ನಬಸಪ್ಪನವರ ವರದಿ ತಪ್ಪು. ತಪ್ಪು ನನ್ನದು.”

ಅವರು ಕನ್ನಡಕ ತೆಗೆದರು. “ನೀನು ಬರೆದೆ ಅಂತ ನಾನು ಸೈನ್ ಹಾಕಿದೀನಿ. ಈಗ ತಪ್ಪು ಅಂತೀಯ. ನಾಳೆ ಇನ್ನೊಬ್ರದ್ದು ತಪ್ಪು ಅಂತೀಯ. ಏನಮ್ಮ ಇದು, ಹುಡುಗಾಟಾನಾ?”

“ಬೈಯಿರಿ ಸಾರ್. ಬೈದ ಮೇಲೆ ಒಂದ್ ಸಲ ನೋಡಿ. ಅವರು ಹೊರಗೇ ಇದ್ದಾರೆ.”

ಡಾಕ್ಟ್ರು ದಡದಡ ಬಂದು ತಾವೇ ಹಿಮ್ಮಡಿ ಹಿಡಿದರು. ಸಾಹೇಬರು ಕಾಲು ಹಿಡಿದರೆಂದು ಚನ್ನಬಸಪ್ಪ ಇನ್ನಷ್ಟು ಬಿಗಿಯಾಗಿ ಕಾಲನ್ನು ತಾವೇ ಎತ್ತಿಬಿಟ್ಟರು. ಇಪ್ಪತ್ತೈದಕ್ಕೇ ಯಪ್ಪಾ. “ನೋಡು,” ಎಂದು ಡಾಕ್ಟ್ರು ನನ್ನ ಕಡೆ ತಿರುಗಿದರು.

“ಸಾರ್, ಆ ಕಾಲು ನಿಮ್ಮ ಕೈಗೆ ಎಷ್ಟು ಭಾರ ಅನ್ನಿಸ್ತು?” ಎಂದೆ.

ಅವರು ತಮ್ಮ ಅಂಗೈ ನೋಡಿಕೊಂಡರು. ನಾನು ಮುನಿಯಮ್ಮನನ್ನು ಕರೆದೆ. ಅವಳು ಎತ್ತಿದಳು, ಅವರು ನೋಡಿದರು. ಮತ್ತೊಮ್ಮೆ ಎತ್ತು ಎಂದರು, ಮತ್ತೊಮ್ಮೆ ನೋಡಿದರು. ಗಿರಣಿಗೆ ತಾವೇ ಕಾಗದ ಬರೆದರು: ತೀರ್ಮಾನಕ್ಕೆ ಆರು ವಾರ ಕಾಲಾವಕಾಶ ಬೇಕು. ಅದನ್ನು ನನ್ನ ಕೈಗೆ ಕೊಡುವಾಗ, “ಆರು ವಾರ. ಆಮೇಲೆ ನಾನೇ ಕಾಲೆತ್ತಿ ನೋಡ್ತೀನಿ, ಆಯಾ ಅಲ್ಲ,” ಎಂದರು.

ಗಿರಣಿಯವರು ಒಪ್ಪಿದರು. ಆರು ವಾರ ಹಟ ಹಿಡಿದು ದುಡಿದೆವು. ಮೊದಲು ಸೈಕಲ್ ಸೀಟು ಮೇಲಕ್ಕೆ. ಆಮೇಲೆ ವ್ಯಾಯಾಮ. ಬಾಗಿಲಲ್ಲಿ ಮಲಗಿ ಚೌಕಟ್ಟಿಗೆ ಕಾಲು ನೆಟ್ಟಗೆ ಆನಿಸಿ ಎಂದೆ. ಗಂಗವ್ವ ಕೆಂಡವಾದಳು: “ಹೊಸ್ತಿಲ ಮ್ಯಾಲ ಮಲಗಿ ಬಾಗಲಕ್ಕ ಕಾಲ ಹಚ್ಚೂದ? ನಮ್ಮ ಮನಿಯಾಗ ಅದು ಆಗೂದಿಲ್ರಿ!” ಹಾಗಾಗಿ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲನ್ನು ಗೊತ್ತುಮಾಡಿದೆವು. ಅದರ ಮೇಲೆ ಹಿಮ್ಮಡಿ ಇಟ್ಟು, ಬೆನ್ನು ನೆಟ್ಟಗಿಟ್ಟು, ತೊಡೆಯ ಕೀಲಿನಿಂದ ಮಾತ್ರ ಮುಂದಕ್ಕೆ ವಾಲುವುದು. ಮನೆಯಲ್ಲಿ ಗಡಿಯಾರವಿರಲಿಲ್ಲ. ಹತ್ತು ಸಲ ಓಂ ನಮಃ ಶಿವಾಯ ಎನ್ನುವವರೆಗೆ ಹಿಡಿದು ನಿಲ್ಲಿ ಎಂದೆ.

ಮೂರನೆಯ ದಿನ ಚನ್ನಬಸಪ್ಪ ಎರಡು ಕಾಲೂ ಊರಲಾಗದೆ ಗೋಡೆ ಹಿಡಿದು ಬಂದರು. ಶಿವನ ಹೆಸರನ್ನು ಹತ್ತಕ್ಕೆ ನಿಲ್ಲಿಸಲು ಮನಸ್ಸು ಬಾರದೆ ಒಂದೊಂದು ಕಾಲಿಗೂ ನೂರೆಂಟು ಮುಗಿಸಿದ್ದರು! ಒಂದು ವಾರ ಹಾಳಾಯಿತು. ಡಾಕ್ಟ್ರು ಕಾರಿಡಾರಿನಲ್ಲಿ ಸಿಕ್ಕಾಗ ಕ್ಯಾಲೆಂಡರ್ ಕಡೆ ಬೆರಳು ತೋರಿಸಿ ಹೋದರು. ನಾನು ಬಿಡಲಿಲ್ಲ. ಸ್ನಾಯುವನ್ನು ಜಗಳಕ್ಕೆ ಕರೆಯಬೇಡಿ, ಸಮಾಧಾನ ಮಾಡಿ ಎಂದು ಹೇಳಿ, ಜಪ ಬೇರೆ, ವ್ಯಾಯಾಮ ಬೇರೆ ಎಂದು ಮಾಡಿಸಿದೆ. ಒಂದು, ಎರಡು, ಮೂರು ಎಂದು ಗಂಗವ್ವ ಎಣಿಸುವುದು, ಅವರು ನಿಲ್ಲುವುದು. ಜೊತೆಗೆ ಮಗ್ಗದ ಮುಂದೆ ಹೇಗೆ ನಿಲ್ಲಬೇಕು, ಮಂಡಿ ಸ್ವಲ್ಪ ಸಡಿಲಿಸಿ ಹೇಗೆ ಬಾಗಬೇಕು ಎಂದು ನನ್ನ ಮೇಜಿನ ಮುಂದೆಯೇ ಅಭ್ಯಾಸ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಆ ಮನುಷ್ಯ ಒಂದು ದಿನವೂ ತಪ್ಪಿಸಲಿಲ್ಲ.

ಆದರೆ ನಿಜವಾದ ಕಷ್ಟ ಬೇರೆಯೇ ಇತ್ತು. ಕೊನೆಯ ಪರೀಕ್ಷೆಯಲ್ಲಿ ಡಾಕ್ಟ್ರ ಕೈಗೆ ಕಾಲು ಬಿಡಬೇಕಲ್ಲ? ಅದನ್ನೂ ದಿನಾ ಅಭ್ಯಾಸ ಮಾಡಿಸಿದೆ. ಮುನಿಯಮ್ಮನ ಕೈಯಿಂದ ನನ್ನ ಕೈಗೆ. ಮೊದಮೊದಲು ನಾನು ಹಿಡಿದೊಡನೆ ಕಾಲು ಹಗುರವಾಗುತ್ತಿತ್ತು. ಐದನೆಯ ವಾರ ಒಂದು ದಿನ ಅದು ನನ್ನ ಅಂಗೈ ಮೇಲೆ ದೊಪ್ಪೆಂದು ಕೂತಿತು. ನನ್ನ ಕಣ್ಣು ತುಂಬಿತು. ಎಷ್ಟೋ ವರ್ಷಗಳ ಕೆಲಸದಲ್ಲಿ ಅಷ್ಟು ಸಂತೋಷ ಇನ್ನೊಮ್ಮೆ ಆಗಿಲ್ಲ.

ಆರನೆಯ ವಾರ ದೊಡ್ಡ ಡಾಕ್ಟ್ರು ಬಂದರು. ಅವಸರ ಮಾಡಲಿಲ್ಲ. ಮಂಚದ ಪಕ್ಕ ಸ್ಟೂಲ್ ಎಳೆದು ಕೂತು, “ಏನ್ ಚನ್ನಬಸಪ್ಪ, ಮಗ್ಗ ಹೇಗೆ ನಡೆಸ್ತೀರಿ ಹೇಳಿ ನೋಡೋಣ,” ಎಂದರು. ಅವರು ಹೇಳುತ್ತಾ ಹೋದರು, ಲಾಳಿ, ಹಾಸು, ಹೊಕ್ಕು. ಮಾತಿನ ನಡುವೆ ಡಾಕ್ಟ್ರು ಹಿಮ್ಮಡಿಯ ಕೆಳಗೆ ಕೈ ಹಾಕಿ ಎತ್ತಿದರು.

“ಅಬ್ಬಾ! ಏನ್ ಭಾರ ಇದೆ ಸರೋಜಾ ಈ ಕಾಲು!”

ಎಪ್ಪತ್ತು ಡಿಗ್ರಿ. ತೊಡೆಯ ಹಿಂದೆ ಸ್ವಲ್ಪ ಜಗ್ಗಿತು, ಅಷ್ಟೇ. ‘ಮಗ್ಗದ ಕೆಲಸಕ್ಕೆ ಯೋಗ್ಯ’ ಎಂದು ಡಾಕ್ಟ್ರೇ ಬರೆದರು. ಹಳೆಯ ವರದಿಯ ಕೆಳಗೆ, ಇದು ತಪ್ಪು ಪರೀಕ್ಷೆಯಿಂದ ಬಂದ ತೀರ್ಮಾನ ಎಂದು ನಾನು ಬರೆದು ಸಹಿ ಮಾಡಿದೆ. ಡಾಕ್ಟ್ರು ಪೆನ್ನು ಇಸಿದುಕೊಂಡು ನನ್ನ ಸಹಿಯ ಪಕ್ಕ ತಮ್ಮದನ್ನೂ ಹಾಕಿದರು. ಆಮೇಲೆ ಅವರ ಚೀಟಿಗಳಲ್ಲಿ ‘ಕಾಲು ನೋಡಿ’ ಎಂಬ ಎರಡು ಪದ ಸೇರಿಕೊಂಡವು.

ಎಲ್ಲ ಸೊಂಟನೋವೂ ತೊಡೆಯಿಂದ ಬರುವುದಿಲ್ಲ, ಮಕ್ಕಳೇ. ನಿಜವಾಗಿ ನರ ಒತ್ತಿಕೊಂಡವರನ್ನು, ಆಪರೇಷನ್ನಿನಿಂದ ಎದ್ದು ನಡೆದವರನ್ನು ಆಮೇಲೆ ಎಷ್ಟೋ ಜನರನ್ನು ನೋಡಿದೆ. ಈಗ ನಿಮ್ಮ ಬಳಿ ಒಳ್ಳೆಯ ಯಂತ್ರಗಳಿವೆ, ಬೆನ್ನಿನ ಒಳಗನ್ನೇ ಚಿತ್ರ ತೆಗೆಯುತ್ತವೆ. ಆದರೂ ಕೋನ ಅಳೆಯುವ ಮೊದಲು ಕಾಲಿನ ಭಾರ ನೋಡಿ. ಭಾರವಿಲ್ಲದಿದ್ದರೆ ಏನನ್ನೂ ಬರೆಯಬೇಡಿ.

ಕೆಲವು ತಿಂಗಳ ನಂತರ ಚನ್ನಬಸಪ್ಪ ಗಿರಣಿಯ ಇನ್ನೊಬ್ಬ ನೇಕಾರರನ್ನು ಕರೆದುಕೊಂಡು ಬಂದರು. ಅವರಿಗೂ ಸೊಂಟನೋವು. ನಾನು ಒಳಗೆ ಮೇಣದ ಪಾತ್ರೆ ಇಳಿಸುತ್ತಿದ್ದೆ. ಬಾಗಿಲ ಆಚೆ ಚನ್ನಬಸಪ್ಪ ಆ ನೇಕಾರರಿಗೆ ಬುದ್ಧಿ ಹೇಳುತ್ತಿದ್ದದ್ದು ಕೇಳಿಸಿತು.

“ಅಕ್ಕಾರು ಕಾಲ ಹಿಡೀತಾರ. ನಾಚಬ್ಯಾಡ, ನೀ ಎತ್ತಬ್ಯಾಡ. ಪೂರಾ ಭಾರ ಅವ್ರ ಕೈಯಾಗ ಬಿಡು. ನಾ ಮರ್ಯಾದಿ ಕೊಡಾಕ ಹೋಗಿ ಮಗ್ಗಾನ ಕಳಕೊಳ್ತಿದ್ದೆ.”